ಮೊದಲು ಕೆಡಿಸಿ ನೋಡುತ್ತಿದ್ದ ಅಕ್ಕ

ಮೊನ್ನೆ ಮಧ್ಯಾಹ್ನ ಆಫೀಸಿನ ಊಟದ ಕೋಣೆಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡಬ್ಬಿಯ ಮುಚ್ಚಳ ತೆಗೆದಳು. ಅಗಸೆ ಚಟ್ನಿಪುಡಿಯ ವಾಸನೆ. ಹುರಿದ ಅಗಸೆ, ಬೆಳ್ಳುಳ್ಳಿ, ಒಣಮೆಣಸಿನ ಘಾಟು... ತುತ್ತು ಕೈಯಲ್ಲೇ ಉಳಿಯಿತು. ಅಕ್ಕನಿಗೆ ಫೋನ್ ಮಾಡಿ ಎಷ್ಟು ವರ್ಷವಾಯಿತು ಅನ್ನಿಸಿತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎಲೆಕ್ಟ್ರಾನಿಕ್ ಸಿಟಿಯ ನನ್ನ ಮೊದಲ ಆಫೀಸಿನಲ್ಲಿ ಪಕ್ಕದ ಕುರ್ಚಿಯವರು. ಬಿಜಾಪುರದ ಕಡೆಯವರು. ಹಣೆಯಲ್ಲಿ ತೆಳುವಾಗಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಜಾಲಹಳ್ಳಿಯಿಂದ ಇಡೀ ಊರು ದಾಟಿ ಬರುವಷ್ಟರಲ್ಲಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಅದು ಗೊತ್ತಿದ್ದೇ ಅವರು ರೊಟ್ಟಿ ಹೆಚ್ಚಿಗೆ ತರುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುತ್ತಿದ್ದ ನನ್ನನ್ನು ನೋಡಿ, "ಮೊದಲ ತಿನ್ನವಾ, ಆಮ್ಯಾಲ ಜಗಳಾ ಮಾಡೀಯಂತ" ಎಂದು ನಗುತ್ತಿದ್ದರು.

ನಮ್ಮದು ಯಂತ್ರಗಳ ಅಳತೆ ಓದುವ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡಿನ ಕಟ್ಟು. ಅದನ್ನು ಬರೆದದ್ದು 'ಸಿ' ಭಾಷೆಯಲ್ಲಿ. ಕೊಳ್ಳುವವರು ಜಾವಾದಲ್ಲೋ ಪೈಥಾನಿನಲ್ಲೋ ಬಳಸಲಿ ಎಂದು ನಡುವೆ ಸೇತುವೆ ಕಟ್ಟಿದ್ದೆವು. ಬೈಂಡಿಂಗ್ ಎನ್ನುತ್ತಿದ್ದದ್ದು ಅದಕ್ಕೇ. ಪ್ರತಿ ಸೇತುವೆಗೂ ಅದು ಸರಿಯಿದೆಯೇ ಎಂದು ನೋಡುವ ಬೇರೆ ಬೇರೆ ಟೆಸ್ಟುಗಳು. ಒಂದು ಕಡೆ ತಿದ್ದಿದ್ದನ್ನು ಇನ್ನೊಂದು ಕಡೆ ತಿದ್ದಲು ಮರೆತು ಎಲ್ಲ ಕಲಸುಮೇಲೋಗರವಾಗಿತ್ತು. ಎಲ್ಲ ಭಾಷೆಗಳಿಗೂ ಒಂದೇ ಪರೀಕ್ಷೆ ಇರುವಂತೆ ಅವನ್ನೆಲ್ಲ ಹೊಸದಾಗಿ ಜೋಡಿಸುವ ಕೆಲಸ ಅಕ್ಕನಿಗೂ ನನಗೂ ಬಂತು.

ಅಕ್ಕನದೊಂದು ಪದ್ಧತಿ ಇತ್ತು. ಯಾವುದೇ ಟೆಸ್ಟ್ ಬರೆದರೂ ಅದು ಪಾಸಾದರೆ ಅವರಿಗೆ ಸಮಾಧಾನವಿಲ್ಲ. ಲೈಬ್ರರಿಯೊಳಗೆ ಹೋಗಿ ಬೇಕೆಂದೇ ಒಂದು ಸಾಲು ಕೆಡಿಸುತ್ತಿದ್ದರು. ಪಾಸಾದರೆ ಹಸಿರು, ಫೇಲಾದರೆ ಕೆಂಪು ತೋರಿಸುವ ಟೆಸ್ಟ್ ಆಗ ಕೆಂಪಾಗಬೇಕು. ಹಾಗಾದರೆ ಮಾತ್ರ ಕೆಡಿಸಿದ್ದನ್ನು ಸರಿಮಾಡಿ ಮುಂದಕ್ಕೆ ಹೋಗುತ್ತಿದ್ದರು.

"ಕೆಟ್ಟಿದ್ದನ್ನ ಕೆಟ್ಟೇತಿ ಅನ್ನಾಕ ಬರಲಿಲ್ಲಂದ್ರ, ಅದು ಚಲೋ ಐತಿ ಅಂದಿದ್ದ ಯಾಕ ನಂಬೂದು?"

ಮಗ ಹುಟ್ಟಿದ ಮೇಲೆ ಕೆಲವು ವರ್ಷ ಕೆಲಸ ಬಿಟ್ಟು ಮರಳಿ ಬಂದಿದ್ದರು ಅಕ್ಕ. ಅಷ್ಟರಲ್ಲಿ ಅವರ ಕೈಕೆಳಗೆ ಕಲಿತವರೇ ಅವರನ್ನು ದಾಟಿ ಹೋಗಿದ್ದರು. ಈ ಸಲ ಟೀಮಿನ ಲೀಡ್ ಕೆಲಸ ಅವರಿಗೇ ಎಂದು ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದ್ದರು. ನಾನಂತೂ ಯಾವ ಸಿಹಿ ತರಿಸುವುದು ಎಂದು ಯೋಚಿಸುತ್ತಿದ್ದೆ.

ಆಗಲೇ ಅದು ನಡೆದದ್ದು. ಪೈಥಾನಿನ ಹಳೆಯ ಟೆಸ್ಟುಗಳನ್ನು ಹೊಸ ಜಾಗಕ್ಕೆ ತರುವ ಮೊದಲು ಅಕ್ಕ ಪದ್ಧತಿಯಂತೆ ಲೈಬ್ರರಿಯ ಒಂದು ಸಾಲು ಕೆಡಿಸಿದರು. ಎಲ್ಲ ಹಸಿರು. ಇನ್ನೊಂದು ಸಾಲು ಕೆಡಿಸಿದರು. ಆಗಲೂ ಹಸಿರು. ಅಕ್ಕ ಫೈಲು ತೆರೆದು ಓದುತ್ತಾ ಹೋದವರು ಒಂದು ಕಡೆ ನಿಂತರು. ಲೈಬ್ರರಿ ಸಿಗದಿದ್ದರೆ ಟೆಸ್ಟ್ ಮಾಡದೆ ಬಿಟ್ಟುಬಿಡು ಎಂದು ಅಲ್ಲಿ ಬರೆದಿತ್ತು. ಹಿಂದೊಮ್ಮೆ, ಆ ಹೊತ್ತಿನ ಮಟ್ಟಿಗೆ ಎಂದು ಅವರೇ ಬರೆದದ್ದು. ಆಮೇಲೆ ಲೈಬ್ರರಿಯ ಜಾಗ ಬದಲಾಗಿತ್ತು. ಅಂದಿನಿಂದ ಪೈಥಾನಿನ ಒಂದು ಟೆಸ್ಟೂ ಓಡಿರಲಿಲ್ಲ; ಓಡದೆ ಬಿಟ್ಟದ್ದೂ ಹಸಿರಾಗಿಯೇ ಕಾಣುತ್ತಿತ್ತು. ನಾವೆಲ್ಲ ಆ ಹಸಿರು ನೋಡಿ ಹಾಯಾಗಿ ಮನೆಗೆ ಹೋಗುತ್ತಿದ್ದೆವು.

ಜಾಗ ಸರಿಮಾಡಿ ಓಡಿಸಿದರೆ ತಪ್ಪು ಎದುರಿಗೇ ಬಂತು. ಸೊನ್ನೆಗಿಂತ ಕೆಳಗಿನ ಉಷ್ಣಾಂಶವನ್ನು ಪೈಥಾನ್ ಸೇತುವೆ ಭಾರೀ ದೊಡ್ಡ ಸಂಖ್ಯೆಯಾಗಿ ತೋರಿಸುತ್ತಿತ್ತು. ಆ ಆವೃತ್ತಿ ಆಗಲೇ ಹೊರಗೆ ಹೋಗಿತ್ತು. ಪೀಣ್ಯದಲ್ಲಿ ಔಷಧಿಗಳನ್ನು ತಣ್ಣಗೆ ಕಾಯ್ದಿಡುವ ಒಂದು ಗೋದಾಮಿನವರೂ ತೆಗೆದುಕೊಂಡಿದ್ದರು.

"ಅಕ್ಕಾ, ಆ ಫೈಲನ್ನ ಹೇಗೂ ಅಳಿಸ್ತಿದ್ದೀವಲ್ಲ. ಸರಿ ಮಾಡಿ ಹೊಸ ವರ್ಷನ್ ಅಂತ ಕಳಿಸ್ಬಿಡೋಣ. ಯಾರಿಗೂ ಗೊತ್ತಾಗಲ್ಲ ಬಿಡಿ" ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರು ಲೀಡ್ ಆಗುವುದು ನನಗೆ ಅಷ್ಟು ಬೇಕಾಗಿತ್ತು.

"ಹೊಸಾದು ಅಂತ ಕಳಿಸಿದ್ರ ಅವ್ರು ಪುರಸೊತ್ತಾದಾಗ ಹಾಕ್ಕೊಂತಾರ ತಂಗಿ. ಹಳೇದು ಹಾಕಬ್ಯಾಡ್ರಿ ಅಂತ ಈಗ ಹೇಳಬೇಕಲ್ಲ" ಎಂದು ಎದ್ದು ಹೋದರು.

ಮ್ಯಾನೇಜರ್ ಕೋಣೆಯ ಬಾಗಿಲು ತೆರೆದೇ ಇತ್ತು. "ಇದನ್ನ ಬರೆದಿದ್ದು ಯಾರು ಮೇಡಂ?" ಎಂಬ ಪ್ರಶ್ನೆಯೂ ಕೇಳಿಸಿತು, "ನಾನ ರೀ ಸರ" ಎಂಬ ಉತ್ತರವೂ ಕೇಳಿಸಿತು. ಪೀಣ್ಯದವರಿಗೆ ಫೋನ್ ಮಾಡಿದವರೂ ಅಕ್ಕನೇ. ಅವರು ಅದನ್ನು ಇನ್ನೂ ಹಾಕಿಕೊಂಡಿರಲಿಲ್ಲ, ಪುಣ್ಯ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ ಎಂದು ನಾನು ಹಲ್ಲು ಕಡಿದೆ.

ಲೀಡ್ ಕೆಲಸ ಬೇರೆಯವರ ಪಾಲಾಯಿತು. ವಿಷಯ ತಿಳಿದ ಸಂಜೆ ಅಕ್ಕ ಎಂದಿನಂತೆ ಬ್ಯಾಗು ಹೆಗಲಿಗೇರಿಸಿಕೊಂಡು, ನನ್ನ ಸಿಡುಕು ಮುಖ ನೋಡಿ ನಕ್ಕು ಹೋದರು. ಮರುದಿನ ಬಂದು ಹೊಸ ಟೆಸ್ಟುಗಳಿಗೆ ಒಂದು ನಿಯಮ ಸೇರಿಸಿದರು: ಓಡದ ಟೆಸ್ಟು ಹಸಿರಾಗಕೂಡದು, ಕೆಂಪಾಗಬೇಕು. ಕೆಲಸ ಪೂರಾ ಮುಗಿಸಿದರು. ಇವರಿಗೆ ಪದವಿ ಗಿದವಿಯ ಆಸೆಯೇ ಇಲ್ಲ, ದೊಡ್ಡ ಮನಸ್ಸು ಎಂದುಕೊಂಡೆ. ಆಮೇಲೆ ನಾನು ಕೆಲಸ ಬದಲಾಯಿಸಿದೆ. ಮೊದಮೊದಲು ವಾರಕ್ಕೊಮ್ಮೆ ಮಾತು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ...

ಮೊನ್ನೆ ಊಟ ಬಿಟ್ಟು ಎದ್ದು ಹೋಗಿ ಆ ಹಳೆಯ ನಂಬರಿಗೇ ಫೋನ್ ಮಾಡಿದೆ. ಎತ್ತಿದ್ದು ಮಗ. ದನಿ ಗಂಡಸಿನದಾಗಿದೆ. "ಜಾಲಹಳ್ಳಿ ಮೌಶಿ ಏನ್ರೀ?" ಎಂದು ಗುರುತು ಹಿಡಿದ. ಚಿಕ್ಕಮ್ಮ ಅನ್ನುವುದಕ್ಕೆ ಅವರ ಕಡೆಯ ಮಾತು, ಚಿಕ್ಕಂದಿನಲ್ಲಿ ನನ್ನನ್ನು ಹಾಗೇ ಕರೆಯುತ್ತಿದ್ದ. ಆಮೇಲೆ ಮೆತ್ತಗೆ, "ಅವ್ವ ಹ್ವಾದ ವರ್ಷ ತೀರಕೊಂಡ್ಲರಿ" ಅಂದ.

ಅವನಿಗೆ ಸಮಾಧಾನವಾಗಲಿ ಎಂದು ಆ ಟೆಸ್ಟುಗಳ ಕಥೆ ಹೇಳಿದೆ. "ಲೀಡ್ ಕೆಲಸ ಕೈ ತಪ್ಪಿದ್ರೂ ನಗ್ತಾನೇ ಇದ್ರು ಕಣೋ ನಿಮ್ಮಮ್ಮ. ಅವರಿಗೆ ಅದೆಲ್ಲ ಬೇಕಾಗೇ ಇರ್ಲಿಲ್ಲ" ಅಂದೆ.



"ಇಲ್ರೀ ಮೌಶಿ, ಬಾಳ ಬೇಕಾಗಿತ್ತು ಆಕಿಗೆ. ಅವತ್ತ ಮನಿಗೆ ಬಂದಾಕಿನ ಅಡಗಿಮನಿ ಬಾಗಲಾ ಹಾಕ್ಕೊಂಡು ಅತ್ಲು. ನಾ ಎಷ್ಟ ಬಡದ್ರೂ ತಗೀಲಿಲ್ಲ."

ಬೇಕಾಗಿತ್ತು ಎಂದು ನನ್ನೆದುರು ಒಂದೇ ಒಂದು ಮಾತು ಆಡಿದ್ದರೆ ಅಂದೇ ನಿಮ್ಮ ಜೊತೆ ಕೂತು ಅಳುತ್ತಿದ್ದೆನಲ್ಲ ಅಕ್ಕಾ... ಫೋನಿಟ್ಟು ಆಫೀಸಿನ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರೆಲ್ಲ ನೋಡುತ್ತಿದ್ದಂತೆ, ಒಬ್ಬಳೇ ಅತ್ತೆ.