ಪಾಮ್ ಎಲೆಯ ವಾಚು

ನಮ್ಮ ಮನೆಯಲ್ಲಿ ಕಳ್ಳತನ ಆಗ್ತಿತ್ತು. ಚಿನ್ನ ಅಲ್ಲ, ಬೆಳ್ಳಿ ಅಲ್ಲ. ಪಾಮ್ ಗಿಡದ ಎಲೆ!

ನಗಬೇಡಿ. ಹಾಲ್‌ನ ಕಿಟಕಿ ಪಕ್ಕ ನನ್ನದೊಂದು ಪುಟ್ಟ ಪಾಮ್ ಇದೆ. ನನ್ನ ಸೊಂಟದೆತ್ತರ. ಈ ತೆಲುಗು ಊರಿನ ನಾರಾಯಣಗೂಡ ಬಡಾವಣೆಯ ಮೂರನೇ ಮಹಡಿಯಲ್ಲಿ ಹಸಿರು ಅಂತ ಇರೋದು ಅದೊಂದೇ. ನೇರ ಬಿಸಿಲು ಬಿದ್ದರೆ ಸುಡುತ್ತೆ, ಬೆಳಕಿಲ್ಲದಿದ್ದರೆ ಸೊರಗುತ್ತೆ. ಬೋರ್‌ವೆಲ್ ನೀರು ಹಾಕಿದರೆ ತುದಿ ಕಂದುತ್ತೆ. ಹಾಗಾಗಿ ಕುಡಿಯೋ ನೀರೇ ಬೇಕು, ವಾರಕ್ಕೆರಡು ಸಲ. ಎಲೆ ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ. ಎಲ್ಲ ಕಡೆಗೂ ಬೆಳಕು ಸಿಗಲಿ ಅಂತ ಆಗಾಗ ಕುಂಡ ತಿರುಗಿಸ್ತೀನಿ. (ನಮ್ಮ ಯಜಮಾನರು "ನನಗೂ ಇಷ್ಟು ಉಪಚಾರ ಇಲ್ಲ" ಅಂತಾರೆ. ಅದು ನಿಜವೇ.)

ಇಂಥ ಗಿಡದಲ್ಲಿ ವಾರಕ್ಕೆ ಎರಡು ಮೂರು ಎಲೆ ಮಾಯ! ಪಕ್ಕದ ಮನೆ ಬೆಕ್ಕಾ? ಹುಳುವಾ? ಫೋಟೋ ತೆಗೆದುಕೊಂಡು ಹೋಗಿ ನರ್ಸರಿಯವನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದ. "ಅಮ್ಮಾ, ಕೀಡಾ ನೈ, ಕೈಂಚಿ ಹೈ" ಅಂದ.

ಹುಳು ಅಲ್ಲವಂತೆ, ಕತ್ತರಿಯಂತೆ!

ಮನೆಗೆ ಬಂದಾಗ ದೇವಮ್ಮ ಕಸ ಗುಡಿಸ್ತಿದ್ದಳು. ಎರಡು ವರ್ಷದಿಂದ ನಮ್ಮ ಮನೆಕೆಲಸಕ್ಕೆ ಬರ್ತಾಳೆ. ಯಾದಗಿರಿ ಕಡೆಯವಳು. ಗಂಡನದು ಗಾರೆ ಕೆಲಸ. ಬೀದಿಯಲ್ಲಿ ತೆಲುಗು, ಹಿಂದಿ ಮಾತಾಡಿ ಸುಸ್ತಾದವಳು ನಮ್ಮ ಹೊಸ್ತಿಲು ದಾಟಿದ ಕೂಡಲೇ ಕನ್ನಡಕ್ಕೆ ಇಳೀತಾಳೆ.

"ದೇವಮ್ಮ, ಈ ಎಲೆ ಯಾರು ಕತ್ತರಿಸ್ತಿದ್ದಾರೆ ನೋಡಿದ್ಯಾ?"

ಪೊರಕೆ ಕೆಳಗಿಟ್ಟಳು. "ನಾನೇ ರೀ, ಅಕ್ಕಾರ."

"ಯಾಕೆ?"

"ವಾಚ್ ಮಾಡಾಕ್ರಿ."

ಅವಳಿಗೊಬ್ಬಳು ಮಗಳಿದ್ದಾಳೆ, ಭಾಗ್ಯ. ಏಳು ವರ್ಷ. ಊರಲ್ಲಿ ಅಜ್ಜಿ ಹತ್ತಿರ ಇದ್ದಾಳೆ, ಎರಡನೇ ಕ್ಲಾಸು. ಹಿತ್ತಿಲಲ್ಲಿ ಈಚಲ ಗಿಡ. ಅದರ ಗರಿ ಮಡಚಿ ಮಕ್ಕಳು ಕೈಗೆ ಕಟ್ಟಿಕೊಳ್ಳೋ ವಾಚು ನೀವೂ ಮಾಡಿರಬಹುದು. ಊರು ಬಿಡುವ ಮುಂಚೆ ದೇವಮ್ಮ ಅದನ್ನು ಮಗಳಿಗೆ ಕಲಿಸಿ ಬಂದಿದ್ದಳು. ಪ್ರತಿ ಭಾನುವಾರ ವಿಡಿಯೋ ಕಾಲ್. ಅಲ್ಲಿ ಅವಳದೊಂದು ವಾಚು, ಇಲ್ಲಿ ಇವಳದೊಂದು.

"ಈ ಗಲ್ಲಿಯಾಗ ಈಚಲ ಗರಿ ಎಲ್ಲಿ ಸಿಗತೈತ್ರಿ? ಕೇಳಬೇಕಿತ್ತು. ನಾಚಿಕಿ ಆತು."

ನಾಚಿಕೆ ಆಗಿದ್ದು ನನಗೆ. ಎಲೆ ಯಾಕೆ ಹೋಗ್ತಿದೆ ಅಂತ ನರ್ಸರಿಯವನನ್ನು ಕೇಳಿದವಳು, ಮಗಳು ಹೇಗಿದ್ದಾಳೆ ಅಂತ ಇವಳನ್ನು ಎಂದಾದರೂ ಕೇಳಿದ್ದೆನಾ?

ಮುಂದಿನ ಭಾನುವಾರ ನಮ್ಮ ಮನೆಯಿಂದಲೇ ಫೋನ್ ಮಾಡಿಸಿದೆ. ಪರದೆ ತುಂಬಾ ಒಂದು ಪುಟ್ಟ ಮಣಿಕಟ್ಟು.

"ಅವ್ವಾ, ನಿನ್ನ ವಾಚಿನಾಗ ಎಷ್ಟ ಆಗೈತಿ?"

"ಹತ್ತು."

"ನಂದ್ರಾಗೂ ಹತ್ತು!"

ಇಬ್ಬರೂ ನಕ್ಕರು. ಆಟ ಅಷ್ಟೇ. ಇವಳು ಎಷ್ಟು ಅಂತಾಳೋ ಅವಳದ್ದರಲ್ಲೂ ಅಷ್ಟೇ ಆಗಿರುತ್ತೆ. ನಾನು ಕಾಫಿ ನೆಪದಲ್ಲಿ ಅಡುಗೆಮನೆಗೆ ಹೋದೆ.

ದಸರಾ ರಜೆಗೆ ಭಾಗ್ಯ ಬಂದಳು. ಪಾಮ್ ಗಿಡದ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು. "ಇದಾ? ನನಗಿಂತ ಗಿಡ್ಡ ಐತಿ!" ಅಂದಳು. ಹತ್ತು ದಿನ ಅಮ್ಮನ ಸೆರಗು ಬಿಡಲಿಲ್ಲ. ಅವಳು ಪಾತ್ರೆ ತೊಳೆದರೆ ಪಕ್ಕದಲ್ಲೇ ಕುಕ್ಕರುಗಾಲು. ಒಂದಿನ ಪಾಟಿಯ ಮೇಲೆ ಅಮ್ಮನ ಹೆಸರು ಬರೆದು ತೋರಿಸಿದಳು. ಓದಲು ಬಾರದ ದೇವಮ್ಮ ಅದನ್ನು ಸಂಜೆತನಕ ಒರೆಸಗೊಡಲಿಲ್ಲ.

"ಇಲ್ಲೇ ಇಟ್ಕೋಬಾರದಾ?" ಅಂದೆ.

"ಹೆಂಗ್ರಿ ಅಕ್ಕಾರ? ನಾವಿಬ್ಬರೂ ಬೆಳಕ ಹರಿಯೂದ್ರಾಗ ದುಡಿಯಾಕ ಹೋಗೂವ್ರು. ತಗಡಿನ ಖೋಲಿ. ಒಂದಽ ಕೂಸನ್ನ ಯಾರ ಮ್ಯಾಲ ಬಿಡ್ಲಿ? ಸಾಲಿನೂ ತೆಲುಗು. ಅಕಿ ಈಗ ಕನ್ನಡ ಓದಾಕ ಕಲ್ತಾಳ."

ರಜೆ ಮುಗೀತು. ಅಜ್ಜಿ ಬಂದು ಕರೆದುಕೊಂಡು ಹೋದಳು.

ಮೊನ್ನೆ ಭಾನುವಾರ ನಾನೇ ಒಂದು ಒಳ್ಳೆ ಎಲೆ ಆರಿಸಿ, ಕತ್ತರಿಸಿ ಇಟ್ಟಿದ್ದೆ. ದೇವಮ್ಮ ಅದನ್ನು ಮುಟ್ಟಲಿಲ್ಲ.

"ಬ್ಯಾಡ್ರಿ ಅಕ್ಕಾರ. ಫೋನ್ ಆಗಲೇ ಮಾಡಿದ್ನಿ. ಇನ್ನ ಮ್ಯಾಲ ವಾಚ್ ಬ್ಯಾಡಂತ."

"ಯಾಕಂತೆ?"

ದೇವಮ್ಮ ಕಿಟಕಿ ಕಡೆ ತಿರುಗಿದಳು. "'ಅವ್ವಾ, ಟೈಮ್ ಹೇಳಬ್ಯಾಡ. ನೀ ಬರೋ ತಾರೀಖು ಹೇಳು' ಅಂದ್ಳ್ರಿ."

ಯಾವ ತಾರೀಖು ಹೇಳಬೇಕಿತ್ತು ದೇವಮ್ಮ?