ಎಡಗೋಡೆಯ ಮೂರನೇ ಕಪಾಟು

ನನ್ನ ನಾಲಗೆ ಉದ್ದ ಎಂದು ಮನೆಯಲ್ಲೇ ಹೇಳುತ್ತಿದ್ದರು. ಅದಕ್ಕೇ ಇರಬೇಕು, ಹಂಪನಕಟ್ಟೆ ಹತ್ತಿರದ ಆ ಸರಕಾರಿ ಕಚೇರಿಗೆ ಗುಮಾಸ್ತೆಯಾಗಿ ಸೇರಿದಾಗ ನನ್ನನ್ನು ಜನರೆದುರು ಕೂರಿಸದೆ ರೆಕಾರ್ಡು ಕೋಣೆಗೆ ತಳ್ಳಿದರು. ಅಲ್ಲಿದ್ದದ್ದು ಕಪಾಟುಗಳು, ಜಿರಳೆಗಳು ಮತ್ತು ನಿವೃತ್ತರಾಗಿ ಹೋದ ಪುಣ್ಯಾತ್ಮರೊಬ್ಬರು ಬರೆದಿಟ್ಟ ಸೂಚಿಪುಸ್ತಕ. ಯಾವ ಕಡತ ಎಲ್ಲಿದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು. ಹೇಳಿದಲ್ಲಿ ಕಡತ ಮಾತ್ರ ಇರುತ್ತಿರಲಿಲ್ಲ.

ಒಂದು ದಿನ ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ಒಬ್ಬ ಹೆಂಗಸು ಬಂದರು. ಮಗಳಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು, ಜನನದ ದಾಖಲೆಯ ನಕಲು ಬೇಕಿತ್ತು. ಸೂಚಿಯಲ್ಲಿ "ಒಳಹೊಕ್ಕು ಎಡಗೋಡೆ, ಮೂರನೇ ಕಪಾಟು, ಎರಡನೇ ಹಲಗೆ" ಎಂದಿತ್ತು. ಒಳಹೊಕ್ಕೆ, ಎಡಕ್ಕೆ ಹೋದೆ, ಕಪಾಟು ಎಣಿಸಿದೆ. ಸಿಕ್ಕಿದ್ದು ನಾಯಿ ಸಾಕುವ ಪರವಾನಗಿಗಳ ಕಟ್ಟು. ಮರುದಿನವೂ ನಾಯಿಗಳೇ.

ಮೂರನೇ ದಿನ ರೆಕಾರ್ಡು ಕೋಣೆಗೇ ಬಂದು ನಿಂತ ಹೆಂಗಸಿನ ಮುಖ ಬಾಡಿತ್ತು. ನಾಳೆ ನಕಲು ಕೊಡದಿದ್ದರೆ ಸೀಟು ಬೇರೆಯವರ ಪಾಲು.

"ಸೂಚಿ ಹೇಳಿದಲ್ಲಿ ಇಲ್ಲ ಅಂದ್ರೆ ಇಲ್ಲ. ದಾಖಲೆ ಲಭ್ಯವಿಲ್ಲ ಅಂತ ಟೈಪ್ ಮಾಡಿ" ಎಂದರು ಹೆಡ್‌ಕ್ಲಾರ್ಕ್. ಕೀಲಿಗಳನ್ನು ಕುಟ್ಟಿ ಕುಟ್ಟಿ ಟೈಪ್ ಮಾಡಿದೆ. ಅವರು ಸಹಿ ಹಾಕಿದರು.

ಆ ಕಾಗದವನ್ನು ಹೆಂಗಸಿಗೆ ಕೊಡಲು ನನಗೆ ಕೈ ಬರಲಿಲ್ಲ. "ಎಡಗೋಡೆಯಂತೆ ಎಡಗೋಡೆ! ಬರೆದವರ ತಲೆ!" ಎಂದು ಕೂಗಿಬಿಟ್ಟೆ.

"ಎಡ ಅಂದ್ರೆ ಎಂತದ್ದು ಬಾಯಮ್ಮ?" ಎಂದು ಆಕೆ ಕೇಳಿದರು. "ಪಡುವಾ, ಮೂಡುವಾ? ನೀವು ತಿರುಗಿದ್ರೆ ನಿಮ್ಮ ಎಡವೂ ತಿರುಗ್ತದೆ. ಕಡಲು ತಿರುಗ್ತದಾ?"

ಅಯ್ಯೋ ದೇವಾ! ಎಲೆಯ ಮೇಲಿನ ಉಪ್ಪಿನಕಾಯಿಯನ್ನೂ "ಸ್ವಲ್ಪ ಪಡುವಿಗೆ ಹಾಕಿ" ಎನ್ನುವ ಊರಲ್ಲಿ ಹುಟ್ಟಿದವಳು ನಾನು. ಎದುರಿನ ತೆಂಕು ಗೋಡೆಯನ್ನು ನೋಡಿದೆ. ಅಲ್ಲಿ ಬಾಗಿಲಿನ ಅಳತೆಗೆ ಸರಿಯಾಗಿ ಹೊಸ ಗಾರೆಯ ತೇಪೆ.

"ಅದು ಹಳೇ ಬಾಗಿಲು. ಮಳೆನೀರು ಬರ್ತದೆ ಅಂತ ಮುಚ್ಚಿದ್ದು. ಸೂಚಿಗೂ ಅದಕ್ಕೂ ಎಂತ ಸಂಬಂಧ?" ಎಂದರು ಹೆಡ್‌ಕ್ಲಾರ್ಕ್.

ನಾನು ಆ ತೇಪೆಗೆ ಬೆನ್ನು ಕೊಟ್ಟು, ಸೂಚಿ ಬರೆದವರು ಆ ಬಾಗಿಲಿನಿಂದ ಒಳಹೊಕ್ಕ ಹಾಗೆ ನಿಂತೆ. ಈಗ ನನ್ನ ಎಡಕ್ಕಿದ್ದದ್ದು ಪಡುಗೋಡೆ. ಅಲ್ಲಿಂದ ಎಣಿಸಿದ ಮೂರನೇ ಕಪಾಟಿನ ಎರಡನೇ ಹಲಗೆಯಲ್ಲಿ ಜನನದ ಪುಸ್ತಕ ಏನೂ ಆಗಿಲ್ಲವೆಂಬಂತೆ ಕೂತಿತ್ತು. ನಾನು ಕಿರುಚಿದ್ದಕ್ಕೆ ಪಕ್ಕದ ಕೋಣೆಯವರೂ ಓಡಿ ಬಂದರು.

"ಲಭ್ಯವಿಲ್ಲ ಅಂತ ಸೈನ್ ಹಾಕಿ ಆಯ್ತಲ್ಲ ಮಾರಾಯ್ತಿ, ಈಗ ಹೇಗೆ ಉಂಟು?" ಎಂದು ಹೆಡ್‌ಕ್ಲಾರ್ಕ್ ಗೊಣಗಿದರು.

"ಮುಟ್ಟಿ ನೋಡಿ ಸರ್" ಎಂದೆ. ಮುಂದೆ ತಿಂಗಳಿಡೀ ಕೂತು ಸೂಚಿಯ ಎಡಬಲಗಳನ್ನೆಲ್ಲ ಹೊಡೆದು ಹಾಕಿ ಪಡು, ಮೂಡು ಎಂದು ತಿದ್ದಿದ್ದೂ ನಾನೇ. ಅವರು ಒಂದು ಗೆರೆಯನ್ನೂ ಎಳೆಯಲಿಲ್ಲ.

ಪುಸ್ತಕ ಸಿಕ್ಕಿದ ದಿನ ಸಂಜೆ ನಕಲನ್ನು ಸೆರಗಿನಲ್ಲಿ ಕಟ್ಟಿಕೊಂಡ ಹೆಂಗಸು ಬಾಗಿಲ ತನಕ ಹೋಗಿ ತಿರುಗಿ ಬಂದರು. ಮೇಜಿನ ಮೇಲಿದ್ದ 'ಲಭ್ಯವಿಲ್ಲ' ಕಾಗದಕ್ಕೆ ಕೈ ಚಾಚಿದರು.

"ಅದನ್ನೂ ಕೊಡಿ ಬಾಯಮ್ಮ."

"ಇದೆಂತಕ್ಕೆ ನಿಮಗೆ?"

"ನಾಳೆ ಮಗಳು ಹೊರಡುವಾಗ ಚಾ ಕಾಯಿಸ್ಬೇಕಲ್ಲ, ಒಲೆ ಹಿಡಿಸ್ಲಿಕ್ಕೆ."