ಮೇ ತಿಂಗಳ ಹತ್ತು ನಿಮಿಷ

ಆಲ್ಫೇ ಸುರೆಟ್‌ನನ್ನು ನಗರದ ಡಾಕ್ಟರುಗಳು ಕೊಂದರು ಎಂದು ಬೋಟುಗಳು ನಿಲ್ಲುವ ಧಕ್ಕೆಯ ಮೇಲೆ ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಎಲ್ಜೇರ್. ಅವನು ಆಲ್ಫೇಯ ಹೆಂಡತಿ ಮಟಿಲ್ಡಾಳ ಒಡಹುಟ್ಟಿದ ಅಣ್ಣ. ಇಪ್ಪತ್ತೆರಡು ವರ್ಷ ಆಲ್ಫೇಯ ಬೋಟಿನಲ್ಲೇ ದುಡಿದವನು. ನಡೆದದ್ದು ಬೇರೆ ಎಂದು ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಹೇಳುತ್ತಿದ್ದ ಎಲ್ಜೇರನಿಗೆ, ಕೇಳುತ್ತಿದ್ದ ಮಟಿಲ್ಡಾಳಿಗೆ. ಅವಳೇ ಬಾಯಿಬಿಟ್ಟಿದ್ದರೆ, ಪಾಪ, ಗಂಡ ಸತ್ತ ಸಂಕಟ, ಏನೋ ಆಡ್ತಾಳೆ ಎಂದು ತಳ್ಳಿಹಾಕುತ್ತಿದ್ದರು. ಅದಕ್ಕೇ ಅಣ್ಣನ ಬಾಯಿಂದಲೇ ಹೊರಡಿಸಬೇಕು ಎಂದು ಹಟ ಹಿಡಿದಳು.

ಆಲ್ಫೇ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಅಪ್ಪನ ಬೋಟು ಹತ್ತಿದವನು. ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಭಾರದ ಬೋನುಗಳನ್ನು ಮೂರನೇ ಕ್ಲಾಸಿನ ಹುಡುಗರು ಪುಸ್ತಕ ಎತ್ತಿದ ಹಾಗೆ ಎತ್ತುತ್ತಿದ್ದ. ಕುಣಿಯಲು ಬರುತ್ತಿರಲಿಲ್ಲ, ಆದರೂ ಮದುವೆಮನೆಯಲ್ಲಿ ಮೊದಲು ಏಳುವವನು ಅವನೇ. ಕಡಲಿಗೆ ಹೆದರದವನು ಹಸು ಕಂಡರೆ ಹೆದರುತ್ತಿದ್ದ. ಆಲೂಗಡ್ಡೆ ತುರಿದು, ನೀರು ಹಿಂಡಿ, ಕೋಳಿ ಹಾಕಿ ಬೇಯಿಸುವ ರಪ್ಪೂರ್‌ಗೆ ಅರ್ಧ ಬಾಟಲಿ ಕಾಕಂಬಿ ಸುರಿದುಕೊಂಡು ತಿನ್ನುತ್ತಿದ್ದ. ಒಮ್ಮೆ ಹಗ್ಗಕ್ಕೆ ಸಿಕ್ಕಿ ಎರಡು ಉಗುರು ಕಿತ್ತುಬಂದಾಗಲೂ ಊಟಕ್ಕೆ ಕೂತು, "ಏನಿಲ್ಲ ಕಣೇ, ಇನ್ನೊಂಚೂರು ಬಡಿಸು" ಅಂದಿದ್ದ.

ಆ ಊರಿನ ಗಂಡಸರೆಲ್ಲ ಹಾಗೇ. ಬೋಟಿನಲ್ಲಿ ನಡೆದದ್ದನ್ನು ಬೋಟಿನಲ್ಲೇ ಬಿಟ್ಟು ಬರಬೇಕು. ಹೆಂಗಸರೂ ಕೇಳುವುದಿಲ್ಲ. ಮಟಿಲ್ಡಾಳ ಅವ್ವ ಕೇಳಿರಲಿಲ್ಲ, ಅಜ್ಜಿ ಕೇಳಿರಲಿಲ್ಲ. ಮೂವತ್ತೇಳು ವರ್ಷ ಮಟಿಲ್ಡಾಳೂ ಕೇಳಲಿಲ್ಲ. ಕೇಳದಿರುವುದು ಮರ್ಯಾದೆ ಎಂದುಕೊಂಡಿದ್ದಳು.

ಅರವತ್ತೊಂದಕ್ಕೆ ಎದೆನೋವು ಶುರುವಾಯಿತು. ಅದನ್ನೂ ಮುಚ್ಚಿಡುತ್ತಿದ್ದ. ಚರ್ಚಿನ ಮೆಟ್ಟಿಲ ಮೇಲೆ ಬೂದಿ ಬಣ್ಣಕ್ಕೆ ತಿರುಗಿ ಕೂತುಬಿಟ್ಟಿದ್ದರಿಂದ ಮುಚ್ಚಿಡಲಾಗಲಿಲ್ಲ. ನಗರದ ಆಸ್ಪತ್ರೆಯಲ್ಲಿ ನೋಡಿ, ಮೂರು ಕಡೆ ರಕ್ತನಾಳ ಕಟ್ಟಿದೆ, ಬೈಪಾಸ್ ಮಾಡಬೇಕು ಅಂದರು. ಅವನು ಕೇಳಿದ್ದು ಒಂದೇ.

"ನವೆಂಬರ್ ಕೊನೇ ಸೋಮವಾರ ಸೀಸನ್ ಶುರು, ಬೋನು ಇಳಿಸ್ಬೇಕು ಡಾಕ್ಟ್ರೇ. ಅಷ್ಟ್ರೊಳಗೆ ಆಗುತ್ತಾ?"

"ಎದೆ ಮೂಳೆ ಕುಯ್ದು ಕಟ್ಟಿರ್ತೀವಿ. ಈ ವರ್ಷ ಕೈಚೀಲ ಎತ್ತೋದೂ ಬೇಡ."

"ಅಣ್ಣ ಬೋಟು ನಡೆಸ್ತಾನೆ ಬಿಡು," ಎಂದು ಎಲ್ಜೇರ್ ಬಗ್ಗೆ ಮಟಿಲ್ಡಾ ಸಮಾಧಾನ ಹೇಳಿದಳು.

"ಅವನಾ? ಅವನು ಬೋಟನ್ನ ತಗೊಂಡೋಗಿ ಹೊಲದಲ್ಲಿ ನಿಲ್ಲಿಸ್ತಾನೆ," ಅಂದ ಆಲ್ಫೇ.

ಅಕ್ಟೋಬರಿನಲ್ಲಿ ಸೇರಿಸಿಕೊಂಡರು. ಆಪರೇಷನ್ನಿನ ಮುಂಚಿನ ದಿನ ನರ್ಸ್ ಒಬ್ಬಳು ಹಾಳೆ ಹಿಡಿದು ಬಂದು ಕೂತಳು. ಸಾವಧಾನವಾಗಿ ಕೇಳಿದಳು. ಯಾವತ್ತಾದರೂ ಕೈಕಾಲು ಇದ್ದಕ್ಕಿದ್ದ ಹಾಗೆ ಸೋತಿತ್ತಾ? ಬಾಯಿ ಸೊಟ್ಟಗಾಗಿತ್ತಾ? ಮಾತು ತೊದಲಿತ್ತಾ? ಸ್ವಲ್ಪ ಹೊತ್ತು ಒಂದು ಕಣ್ಣು ಕಾಣದೆ ಹೋಗಿತ್ತಾ?

"ಇಲ್ಲ," ಅಂದ ಆಲ್ಫೇ.

"ಒಂದ್ಸಲಾನೂ? ಐದು ನಿಮಿಷ ಆಗಿದ್ರೂ ಹೇಳಿ. ಮುಖ್ಯ ಅದು."

"ಇಲ್ಲಮ್ಮ."

ಪಕ್ಕದಲ್ಲಿದ್ದ ಮಟಿಲ್ಡಾ ನಕ್ಕು, "ಇವನಿಗೆ ತಲೆನೋವೂ ಬರಲ್ಲ ಕಣಮ್ಮ, ಬೇರೆಯವರಿಗೆ ಬರಿಸ್ತಾನೆ," ಅಂದಳು. ನರ್ಸೂ ನಕ್ಕಳು. ಹಾಳೆಯಲ್ಲಿ ಗೀಟು ಹಾಕಿದಳು.

ಆ ನಗುವನ್ನು ನೆನೆದರೆ ಮಟಿಲ್ಡಾಳಿಗೆ ಇವತ್ತಿಗೂ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಪರೇಷನ್ ಚೆನ್ನಾಗಿ ಆಯಿತು. ಹೃದಯ ಚೆನ್ನಾಗಿ ಹೊಡೆದುಕೊಳ್ಳುತ್ತಿತ್ತು. ಮಾರನೇ ಬೆಳಿಗ್ಗೆ ಎಚ್ಚರ ಮಾಡಿದಾಗ ಬಲಗೈ ಏಳಲಿಲ್ಲ. ಬಲಗಾಲು ಏಳಲಿಲ್ಲ. ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಲಕ್ವ ಹೊಡೆದಿತ್ತು.

ಡಾಕ್ಟರು ಮಟಿಲ್ಡಾಳನ್ನು ಕೂರಿಸಿ ಹೇಳಿದರು. ಹೃದಯ ನಿಲ್ಲಿಸಿ ರಕ್ತವನ್ನು ಯಂತ್ರದಲ್ಲಿ ತಿರುಗಿಸುತ್ತೇವೆ. ಆಗ ಕೆಲವರಿಗೆ ಒಂದು ಚೂರು ಹೆಪ್ಪು ಮಿದುಳಿಗೆ ಹೋಗಿ ಕೂರುತ್ತದೆ. ನೂರಕ್ಕೆ ಒಬ್ಬಿಬ್ಬರಿಗೆ. ಇವರಿಗೆ ಕುತ್ತಿಗೆಯ ಎಡಗಡೆ ನಾಳವೂ ತುಂಬ ಕಿರಿದಾಗಿದೆ, ಈಗ ಗೊತ್ತಾಯಿತು.

"ಮುಂಚೆ ಯಾಕೆ ನೋಡ್ಲಿಲ್ಲ?" ಎಂದು ಮಟಿಲ್ಡಾ ಕೂಗಿದಳು. ಹೊರಗಿನವರೆಲ್ಲ ತಿರುಗಿ ನೋಡಿದರು.

"ಏನಾದರೂ ಸೂಚನೆ ಇದ್ದಿದ್ರೆ ಮೊದಲು ಅದನ್ನೇ ನೋಡ್ತಿದ್ವಿ. ಇಲ್ಲ ಅಂದ್ರಲ್ಲಮ್ಮ. ನೋಡಿದ್ರೂ ಇದು ಆಗ್ತಿರ್ಲಿಲ್ಲ ಅಂತ ನಾನು ಆಣೆ ಮಾಡಲ್ಲ. ಆದ್ರೆ ನೋಡ್ತಿದ್ವಿ."

ಐದನೇ ದಿನ ಎಲ್ಜೇರ್ ಬಂದ. ಭಾವನ ಬಾಯಿ ನೋಡಿ, ಟೋಪಿ ಕೈಯಲ್ಲಿ ಹಿಡಿದು ಹೊರಗೆ ಹೋದ. ಮಟಿಲ್ಡಾ ಹಿಂದೆಯೇ ಹೋದಳು. ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

"ಮೇ ತಿಂಗಳಲ್ಲೂ ಹಿಂಗೇ ಆಗಿತ್ತು ಮಟಿಲ್ಡಾ."

"ಏನು ಆಗಿತ್ತು?"

"ಬೋನು ಎತ್ತುತಾ ಇದ್ವಿ. ಎಡಗಣ್ಣಿಗೆ ಪರದೆ ಎಳೆದ ಹಾಗಾಯ್ತು ಅಂದ. ಬಲಗೈ ಸೋತು ಚುಕ್ಕಾಣಿ ಬಿಟ್ಬಿಟ್ಟ. ನಾನು ಹಿಡ್ಕೊಂಡೆ. ಹತ್ತೇ ನಿಮಿಷ. ಆಮೇಲೆ ಎದ್ದು ಕೂತು ಟೀ ಕುಡಿದ. ಡಾಕ್ಟ್ರಿಗೆ ಗೊತ್ತಾದ್ರೆ ನನ್ನನ್ನ ಚುಕ್ಕಾಣಿಯಿಂದ ಇಳಿಸ್ತಾರೆ, ಮಟಿಲ್ಡಾಗಂತೂ ಉಸಿರೆತ್ತಬೇಡ ಅಂದ."

"ನೀನು ಎತ್ತಲಿಲ್ಲ."

"ಬೋಟಿನ ಮಾತು ಕಣೇ ಅದು..."

ಆಸ್ಪತ್ರೆ ಎಂದು ಮಟಿಲ್ಡಾ ಸುಮ್ಮನಾಗಲಿಲ್ಲ. ಅಣ್ಣನ ಕೆನ್ನೆಗೆ ಹೊಡೆದಳು. ಅಪ್ಪ ಸತ್ತ ಮೇಲೆ ತಲೆ ಸವರಿ ಬೆಳೆಸಿದ ಅಣ್ಣ ಅವನು.

ಡಿಸೆಂಬರಿನಲ್ಲಿ ಆಲ್ಫೇಯನ್ನು ಮನೆಗೆ ತಂದರು. ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಆಯ್ತು." ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು. ಬಟ್ಟೆಯಲ್ಲೇ ಹೋಗಿಬಿಟ್ಟಾಗ ಕಣ್ಣಲ್ಲಿ ನೀರು ತುಂಬಿಕೊಂಡು ಆಯ್ತು, ಆಯ್ತು. ಹೌದು ಎನ್ನಬೇಕಾದರೆ ಎಡಗೈಯಿಂದ ಅವಳ ಕೈ ಅದುಮುತ್ತಿದ್ದ. ಅವಳು ಮೀಯಿಸಿದಳು, ಮೆತ್ತಗೆ ಕಿವುಚಿ ಉಣಿಸಿದಳು, ಮಗ್ಗಲು ಬದಲಿಸಿದಳು. ಬೈದಳು ಕೂಡ. ತಿರುಗಿ ಬೈಯಲಾಗದವನನ್ನು ಬೈಯುತ್ತಿದ್ದೇನೆ ಎಂದು ಇನ್ನೂ ಸಿಟ್ಟು ಬರುತ್ತಿತ್ತು.

ಒಂದು ಪ್ರಶ್ನೆಯನ್ನು ಮಾತ್ರ ಮೂರು ತಿಂಗಳು ಗಂಟಲಲ್ಲೇ ಇಟ್ಟುಕೊಂಡಿದ್ದಳು. ಅವನಿಗೆ ಮರೆತೇ ಹೋಗಿತ್ತೋ ಏನೋ, ಪಾಪ, ಎಂದುಕೊಳ್ಳುತ್ತಿದ್ದಳು. ಮಾರ್ಚಿನ ಒಂದು ಮಧ್ಯಾಹ್ನ ಅವನ ಗಡ್ಡ ಹೆರೆಯುತ್ತ ಕೇಳಿಯೇಬಿಟ್ಟಳು.

"ಆ ನರ್ಸ್ ಕೇಳಿದಾಗ ಮೇ ತಿಂಗಳದ್ದು ನಿಂಗೆ ನೆನಪಿತ್ತಾ?"

ಅವನು ಅವಳ ಮುಖವನ್ನೇ ನೋಡಿದ. ಕೈ ಅದುಮಿದ.

ಕತ್ತಿಯನ್ನು ತಟ್ಟೆಗೆ ಎಸೆದು ಎದ್ದಳು. ಅರ್ಧ ಮುಖಕ್ಕೆ ಸೋಪಿನ ನೊರೆ ಹಾಗೇ ಇತ್ತು. ಬಂದು ಒರೆಸಿದಳು, ಆದರೆ ಮಾತಾಡಲಿಲ್ಲ. ಮೂರು ದಿನ ಉಣಿಸಿದಳು, ತೊಳೆದಳು, ಒಂದು ಮಾತೂ ಆಡಲಿಲ್ಲ. ನಾಲ್ಕನೇ ದಿನ ಅವನಿಗೆ ಇನ್ನೊಮ್ಮೆ ಲಕ್ವ ಹೊಡೆಯಿತು. ಈ ಸಲ ಆಸ್ಪತ್ರೆ ಮುಟ್ಟಲಿಲ್ಲ.

ಆ ಮೂರು ದಿನಕ್ಕೆ ಅವಳು ಯಾರನ್ನು ಬೈಯಬೇಕು? ಅವನನ್ನೇ ಬೈದಳು. ಇಷ್ಟು ಪ್ರೀತಿಯ ಗಂಡ, ನನಗೊಂದು ಮಾತು ಹೇಳಲಿಲ್ಲ. ಒಂದು ಚುಕ್ಕಾಣಿಯ ಎದುರು ನಾನು ಅಷ್ಟೇನಾ?

ಮಣ್ಣು ಮಾಡಿದ ದಿನ ಎಲ್ಜೇರ್ ಧಕ್ಕೆಯವರ ನಡುವೆ ನಿಂತು, ಡಾಕ್ಟರುಗಳು ಕೊಂದರು, ಅಂದ. ಬೇಸಿಗೆಯಿಡೀ ಅಂದ. ಮಟಿಲ್ಡಾ ಕಾದಳು.

ಆಲ್ಫೇ ಸತ್ತ ಮೇಲೆ ಬೋಟು ಅವಳದು. ನವೆಂಬರಿನಲ್ಲಿ, ಬೋನು ಇಳಿಸುವ ಹಿಂದಿನ ದಿನ, ಭಾನುವಾರದ ಪೂಜೆ ಮುಗಿಸಿ ಪಾದ್ರಿ ಧಕ್ಕೆಗೆ ಬಂದು ಬೋಟುಗಳಿಗೆಲ್ಲ ಪವಿತ್ರ ನೀರು ಚಿಮುಕಿಸುತ್ತಿದ್ದರು. ಹೆಂಡತಿಯರೆಲ್ಲ ಬಂದಿದ್ದರು. ಬೋನುಗಳು ಆಳೆತ್ತರ ಪೇರಿಸಿದ್ದವು. ಎಲ್ಜೇರ್ ಬಂದು ಕೈ ಚಾಚಿದ.

"ಬೀಗದ ಕೈ ಕೊಡೇ."

"ಮೇ ತಿಂಗಳಲ್ಲಿ ಏನಾಯ್ತು ಹೇಳು, ಕೊಡ್ತೀನಿ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಇಲ್ಲಿ ಬೇಡ. ನಾಳೆ ಕಡಲಿಗೆ ಇಳೀಬೇಕು, ಅಪಶಕುನ."

"ಇಲ್ಲೇ. ಇಲ್ಲಾಂದ್ರೆ ಬೋಟು ಕಟ್ಟಿದ ಹಗ್ಗದಲ್ಲೇ ಕೊಳೀಲಿ."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಕೆಟ್ಟಿದೆ. ಹೇಳು."

ಎಲ್ಜೇರನ ಹೆಂಡತಿ ಲಿಯೊನಿ ಹತ್ತಿರ ಬಂದಳು. "ಏನ್ರೀ ಅದು ಮೇ ತಿಂಗಳದ್ದು?" ಪಾದ್ರಿ ನೀರಿನ ಪಾತ್ರೆ ಹಿಡಿದು ನಿಂತುಬಿಟ್ಟರು.

ಎಲ್ಜೇರ್ ಹೇಳಿದ. ಮೊದಲು ತಡವರಿಸಿದ, ಆಮೇಲೆ ಎಲ್ಲವನ್ನೂ ಹೇಳಿದ. ಕಣ್ಣಿನ ಪರದೆ, ಸೋತ ಕೈ, ಹತ್ತು ನಿಮಿಷ. "ಆಸ್ಪತ್ರೆಯವರು ಕೇಳಿದ್ರಂತೆ. ಆಲ್ಫೇ ಇಲ್ಲ ಅಂದ. ನಂಗೆ ಗೊತ್ತಿತ್ತು, ನಾನೂ ಹೇಳ್ಲಿಲ್ಲ. ಡಾಕ್ಟ್ರುಗಳು ಕೊಂದ್ರು ಅಂತ ತಿರುಗಿದೆ," ಎಂದು ಕೊನೆಗೆ ಅಂದ.

ಮಟಿಲ್ಡಾ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. "ಇನ್ಮೇಲೆ ಈ ಬೋಟಲ್ಲಿ ಯಾರ ಬೆರಳು ಜೋಮು ಹಿಡಿದ್ರೂ ಅವತ್ತೇ ಅವನ ಹೆಂಡ್ತಿಗೆ ಗೊತ್ತಾಗ್ಬೇಕು. ನೀನೇ ಹೇಳ್ಬೇಕು." ಎದೆಯೊಳಗೆ ಹಗುರವೇನೂ ಆಗಲಿಲ್ಲ. ಅಳುವೂ ಬರಲಿಲ್ಲ. ಮನೆಗೆ ಹೋಗಲು ತಿರುಗಿದಳು.

ಪಕ್ಕದ ಬೋಟಿನ ಹತ್ತಿರ ಮುದುಕಿ ಜೆಲೀ ತನ್ನ ಗಂಡನ ತೋಳು ಹಿಡಿದು ನಿಂತಿದ್ದಳು.

"ಏ ಮುದುಕ, ನಿಂಗೇನಾದ್ರೂ ಆಗಿದ್ಯಾ?"

"ಏನಿಲ್ಲ ಹೋಗೇ."

"ಬೂಟು ನೋಡ್ಬೇಡ. ನನ್ನ ಮುಖ ನೋಡಿ ಹೇಳು."